ಅತ್ತಿಗೆ ಕೈ ಮುರಿದದ್ದು ಡ್ಯೂಟಿಯಲ್ಲೋ, ಮನೆ ಹತ್ತಿರವೋ?

ಜೂನ್ ಕೊನೆ ವಾರ. ಎರಡು ದಿನದಿಂದ ಬಿಡದ ಜಿಟಿಜಿಟಿ ಮಳೆ. ನಮ್ಮ ಅತ್ತಿಗೆ ಆಶಾ ಕಾರ್ಯಕರ್ತೆ. ಬಾಣಂತಿ ನೋಡಿಕೊಂಡು ಬರೋಕೆ ತೋಟದ ಮನೆಗೆ ಹೊರಟಿದ್ದರು. ಮಗು ಹುಟ್ಟಿ ಅವತ್ತಿಗೆ 14ನೇ ದಿನ. ಆಶಾ ಕಾರ್ಯಕರ್ತೆಯರಿಗೆ ಈ ಲೆಕ್ಕ ಬಾಯಿಪಾಠ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28, 42, ಹೀಗೆ ಆರು ಸಲ ಮನೆಗೆ ಹೋಗಬೇಕು. ಮಗುವಿನ ತೂಕ ನೋಡಬೇಕು, ಜ್ವರ ಇದೆಯಾ ನೋಡಬೇಕು, ಹೊಕ್ಕುಳು ಒಣಗಿದೆಯಾ ನೋಡಬೇಕು, ತಾಯಿಗೆ ಹಾಲು ಸರಿಯಾಗಿ ಬರ್ತಿದೆಯಾ ಕೇಳಬೇಕು. ಆರೂ ಸಲ ಹೋಗಿ ಬಂದು ಬರೆದಿಟ್ಟರೆ ಒಟ್ಟಿಗೆ 250 ರೂಪಾಯಿ.

ತೋಟದ ಬದುವಿನ ಮೇಲೆ ತೆಂಗಿನ ಗರಿ ಬಿದ್ದು ಕೊಳೆತಿತ್ತು. ಅದರ ಮೇಲೆ ಕಾಲಿಟ್ಟರು, ಜಾರಿತು. ಬೀಳುವಾಗ ಎಲ್ಲರೂ ಮಾಡುವ ಹಾಗೆ ಬಲಗೈ ಊರಿದರು. ಮುಂಗೈ ಹತ್ತಿರ ಮೂಳೆ ಲಟಕ್ ಅಂತು. ಹೆಗಲಿನ ಚೀಲದಲ್ಲಿ ಮಗು ತೂಗುವ ತಕ್ಕಡಿ ಇತ್ತು, ಥರ್ಮಾಮೀಟರ್ ಇತ್ತು. ಕೆಸರಲ್ಲಿ ಕೂತುಕೊಂಡೇ ಎಡಗೈಯಿಂದ ಚೀಲ ಬಿಚ್ಚಿ ಮೊದಲು ಅದು ಒಡೆದಿದೆಯಾ ಅಂತ ನೋಡಿದರಂತೆ. ಕಳೆದುಹೋದರೆ, ಒಡೆದುಹೋದರೆ ಯಾರು ಕೊಡ್ತಾರೋ ಅಂತ ಭಯ. ಇದನ್ನ ಆಮೇಲೆ ನಗ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಪ್ಲಾಸ್ಟರ್ ಹಾಕಿದರು. ಆರು ವಾರ. ಒಪಿಡಿ ಚೀಟಿ ಬರೆಯುವ ಹುಡುಗ ಕೇಳಿದನಂತೆ, "ಹೆಂಗಮ್ಮ ಬಿದ್ರಿ?" ಅತ್ತಿಗೆ ಹೇಳಿದ್ದು ಒಂದೇ ಮಾತು: "ಮನೆ ಹತ್ರ ಜಾರಿಬಿಟ್ಟೆ ಕಣಪ್ಪ." ಅವನು ಹಾಗೇ ಬರೆದ.

ನಾನು ಊರಿಗೆ ಹೋದಾಗ ಆ ಚೀಟಿ ನೋಡಿದೆ. "ಅತ್ತಿಗೆ, ನೀವು ಬಿದ್ದಿದ್ದು ಬಾಣಂತಿ ಮನೆಗೆ ಹೋಗುವಾಗ ಅಲ್ವಾ? ಮನೆ ಹತ್ರ ಅಂತ ಯಾಕೆ ಬರೆಸಿದ್ರಿ?" ಅಂದೆ. "ಏನಾರ ಬರ್ಕೊಳ್ಲಿ ಬಿಡಪ್ಪ, ಕೈ ತಾನೇ ಮುರಿದಿರದು. ಡ್ಯೂಟಿ ಅಂದ್ರೆ ಅವರಿಗೂ ತಲೆನೋವು, ನಂಗೂ ತಲೆನೋವು" ಅಂದರು.

ನಾನು ಬ್ಯಾಂಕ್‌ನಲ್ಲಿ ಗುಮಾಸ್ತ. ಹಳ್ಳಿ ಕಡೆಯ ಶಾಖೆ. ಕಾಗದದ ಮೇಲೆ ಏನು ಬರೆದಿದೆಯೋ ಅದೇ ಸತ್ಯ ಅನ್ನುವುದು ನನ್ನ ದಿನನಿತ್ಯದ ಬದುಕು. ಹಾಗಾಗಿ ನನಗೆ ಆ ಎರಡು ಪದ, "ಮನೆ ಹತ್ರ", ತುಂಬಾ ಚುಚ್ಚಿತು. ಆಮೇಲೆ ಒಂದೆರಡು ತಿಂಗಳು ಬಿಡುವಾದಾಗೆಲ್ಲ ಇದರ ಹಿಂದೆ ಬಿದ್ದೆ. ಸರ್ಕಾರದ ಕೆಲಸ ಮಾಡುವಾಗ ಪೆಟ್ಟಾದರೆ, ಆದರೆ ಸರ್ಕಾರ "ನೀನು ನೌಕರಳಲ್ಲ" ಅಂದರೆ, ಪರಿಹಾರಕ್ಕೆ ಅರ್ಹತೆ ಇದೆಯಾ ಇಲ್ಲವಾ? ನನಗೆ ತಿಳಿದದ್ದನ್ನ ಇಲ್ಲಿ ಬರೆದಿಡ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬ ಆಶಾ, ಒಬ್ಬ ಅಂಗನವಾಡಿ ಟೀಚರ್, ಒಬ್ಬ ಬಿಸಿಯೂಟದ ಅಡುಗೆಯವರು ಇರಬಹುದು.

ಮೊದಲಿಗೆ ಹೆಸರಿನ ವಿಷಯ. ಎಲ್ಲ ತೊಡಕೂ ಅಲ್ಲೇ ಇರೋದು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಹಳ್ಳಿಯ ಸುಮಾರು 1,000 ಜನಕ್ಕೆ ಒಬ್ಬ ಆಶಾ ಅಂತ ಮಾಡಿದರು. ಈಗ ದೇಶದಲ್ಲಿ ಸುಮಾರು 10 ಲಕ್ಷ ಜನ ಇದ್ದಾರೆ, ನಮ್ಮ ರಾಜ್ಯದಲ್ಲೇ 40 ಸಾವಿರಕ್ಕೂ ಜಾಸ್ತಿ. ಹೆಸರು ಚೆನ್ನಾಗಿದೆ, ಮಾನ್ಯತೆ ಪಡೆದ ಸಾಮಾಜಿಕ ಆರೋಗ್ಯ ಕಾರ್ಯಕರ್ತೆ. ಆದರೆ ಮಾರ್ಗಸೂಚಿಯಲ್ಲಿ ಅವರು ಗೌರವ ಸ್ವಯಂಸೇವಕಿ. ಅಂದರೆ ಸಂಬಳ ಇಲ್ಲದೆ ಇಷ್ಟಪಟ್ಟು ಸೇವೆ ಮಾಡುವವರು. ಕೊಡುವ ದುಡ್ಡಿಗೆ ಪ್ರೋತ್ಸಾಹಧನ ಅಂತ ಹೆಸರು. ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ 5,000ಕ್ಕೆ ಗೌರವಧನ ಅಂತ ಹೆಸರು. ಸಂಬಳ ಅನ್ನುವ ಪದ ಮಾತ್ರ ಎಲ್ಲೂ ಬರಬಾರದು, ಅದನ್ನ ಹುಷಾರಾಗಿ ತಪ್ಪಿಸಿದ್ದಾರೆ. ಗುಲಾಬಿ ಸೀರೆ ಕೊಡ್ತಾರೆ, ಸರ್ವೆಗೆ ಗಡುವು ಕೊಡ್ತಾರೆ, ಮೀಟಿಂಗ್‌ಗೆ ಬರಲಿಲ್ಲ ಅಂದರೆ ಯಾಕೆ ಅಂತ ಕೇಳ್ತಾರೆ, ತಾಯಿ-ಮಗುವಿನ ವಿವರ ತುಂಬುವ ಆರ್‌ಸಿಎಚ್ ಪೋರ್ಟಲ್‌ಗೆ ಎಂಟ್ರಿ ಆಗಿಲ್ಲ ಅಂದರೆ ದುಡ್ಡು ನಿಲ್ಲುತ್ತೆ. ಆದರೂ ಸ್ವಯಂಸೇವಕಿ.

ಅಂಗನವಾಡಿಯ ಕತೆ ಇನ್ನೂ ಹಳೆಯದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿ ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಅದರಲ್ಲಿ ನಮ್ಮದು ಮೈಸೂರು ಜಿಲ್ಲೆಯ ತಿ. ನರಸೀಪುರ. ಅವತ್ತಿನಿಂದ ಇವತ್ತಿನವರೆಗೂ ಗೌರವಧನವೇ. ಬಿಸಿಯೂಟದವರದ್ದಂತೂ ಕೇಳಲೇಬೇಡಿ. ಅವರಿಗೆ ಕೇಂದ್ರ ನಿಗದಿ ಮಾಡಿದ ಗೌರವಧನ 2009ರಿಂದ ತಿಂಗಳಿಗೆ 1,000 ರೂಪಾಯಿಗೇ ನಿಂತಿದೆ, ಅದೂ ವರ್ಷಕ್ಕೆ 10 ತಿಂಗಳು. ಮೇಲಿನದು ರಾಜ್ಯ ಹಾಕಬೇಕು. ಕುದಿಯುವ ಸಾರಿನ ಪಾತ್ರೆ ಇಬ್ಬರು ಹಿಡಿದು ಇಳಿಸುವ ಕೆಲಸ ಅದು, ಸುಮ್ನೆ ಕೂತು ಮಾಡುವ ಸೇವೆಯಲ್ಲ.

ಇನ್ನು ಪರಿಹಾರದ ಮಾತಿಗೆ ಬರೋಣ.

ಯಾವುದಾದರೂ ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ ಒಬ್ಬರ ಕೈ ಮುರಿದಿದ್ದರೆ ಏನಾಗ್ತಿತ್ತು? ಇಎಸ್‌ಐ ಅನ್ನುವ ಕಾರ್ಮಿಕರ ವಿಮೆ ಇದ್ದರೆ ಅದು ನೋಡಿಕೊಳ್ಳುತ್ತೆ. ಇಲ್ಲದಿದ್ದರೆ 1923ರಲ್ಲೇ ಮಾಡಿದ ಕಾಯ್ದೆ ಇತ್ತು, ಕಾರ್ಮಿಕರ ಪರಿಹಾರ ಕಾಯ್ದೆ. 2010ರಲ್ಲಿ ಅದರ ಹೆಸರು ನೌಕರರ ಪರಿಹಾರ ಕಾಯ್ದೆ ಅಂತಾಯಿತು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ, ಆದರೆ ಲೆಕ್ಕದ ಜೀವಾಳ ಅದೇ. ಲೆಕ್ಕ ಹೀಗೆ. ಕೆಲಸ ಮಾಡುವಾಗ, ಕೆಲಸದ ಕಾರಣಕ್ಕೆ ಪೆಟ್ಟಾಗಿರಬೇಕು. ಪೂರ್ತಿಯಾಗಿ ಶಾಶ್ವತವಾಗಿ ಕೆಲಸಕ್ಕೆ ಬರದ ಹಾಗಾದರೆ ತಿಂಗಳ ಕೂಲಿಯ 60%ಅನ್ನ ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 40 ವರ್ಷಕ್ಕೆ ಆ ಅಂಕಿ 184.17. 2020ರಿಂದ ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿ 15,000 ಇತ್ತು. ಅಂದರೆ 9,000 ಗುಣಿಸು 184.17, ಸುಮಾರು 16 ಲಕ್ಷದ 57 ಸಾವಿರ. ದುಡಿಯುವ ಶಕ್ತಿ ನೂರಕ್ಕೆ ಹತ್ತು ಭಾಗ ಹೋಯಿತು ಅಂತ ಡಾಕ್ಟರ್ ಬರೆದುಕೊಟ್ಟರೆ ಅದರ ಹತ್ತನೇ ಒಂದು ಭಾಗ.

ನಮ್ಮ ಅತ್ತಿಗೆಯದು ಅಂಥ ದೊಡ್ಡ ಪೆಟ್ಟಲ್ಲ, ದೇವರ ದಯೆ. ಆರು ವಾರದ್ದು. ಅದಕ್ಕೂ ಆ ಕಾಯ್ದೆಯಲ್ಲಿ ಜಾಗ ಇತ್ತು. ಕೆಲಸಕ್ಕೆ ಹೋಗಲಾಗದ ಪ್ರತಿ ಅರ್ಧ ತಿಂಗಳಿಗೆ ತಿಂಗಳ ಕೂಲಿಯ ಕಾಲು ಭಾಗ. ಚಿಕಿತ್ಸೆಯ ಖರ್ಚು ಬೇರೆ. ಮಾಲೀಕ ಒಂದು ತಿಂಗಳೊಳಗೆ ಕೊಡದಿದ್ದರೆ 12% ಬಡ್ಡಿ, ಸಕಾರಣ ಇಲ್ಲದೆ ಎಳೆದಾಡಿದರೆ ಮೇಲೆ ದಂಡ. ಹೊಸ ಸಂಹಿತೆಯಲ್ಲಂತೂ ಮನೆಯಿಂದ ಕೆಲಸದ ಜಾಗಕ್ಕೆ ಹೋಗುವ ದಾರಿಯಲ್ಲಿ ಆದ ಅಪಘಾತವನ್ನೂ ಸೇರಿಸಿಕೊಂಡಿದ್ದಾರೆ. ಊಟ ತಂದುಕೊಡುವ ಆ್ಯಪ್ ಹುಡುಗರಿಗೂ ಅದರಲ್ಲಿ ಗಿಗ್ ಕೆಲಸಗಾರ ಅಂತ ಒಂದು ಹೆಸರು ಸಿಕ್ಕಿದೆ.

ಇಷ್ಟೆಲ್ಲ ಓದಿ ಖುಷಿಯಾಗಿ ಅತ್ತಿಗೆಗೆ ಫೋನ್ ಮಾಡಬೇಕು ಅನ್ನುವಷ್ಟರಲ್ಲಿ ಮತ್ತೆ ಅದೇ ಬಾಗಿಲು ತಲೆಗೆ ಬಡಿಯುತ್ತೆ. ಕೂಲಿಯ ಕಾಲು ಭಾಗ ಅಂದರಲ್ಲ, ಯಾವ ಕೂಲಿ? ಮಾಲೀಕ ಅಂದರಲ್ಲ, ಯಾರು ಮಾಲೀಕ? ಸ್ವಯಂಸೇವಕಿಗೆ ಮಾಲೀಕ ಇರಲ್ಲ, ಗೌರವಧನ ಕೂಲಿಯಲ್ಲ. ಹಾಗಂತ ಅಲ್ಲವೇ ಇಷ್ಟು ವರ್ಷ ಹೇಳಿಕೊಂಡು ಬಂದಿರೋದು.

ಹಾಗಾದರೆ ಅವರಿಗೆ ಏನೂ ಇಲ್ಲವಾ ಅಂದರೆ ಇದೆ. ಇಲ್ಲಿ ನನ್ನ ಕೌಂಟರಿನ ಕತೆ ಬರುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಆಶಾಗಳನ್ನ ಎರಡು ವಿಮೆಗೆ ಸೇರಿಸಿತು, ಕಂತು ಸರ್ಕಾರದ್ದೇ. ಒಂದು ಜೀವನ್ ಜ್ಯೋತಿ, ಇನ್ನೊಂದು ಸುರಕ್ಷಾ ಬಿಮಾ. ಈ ಎರಡನೆಯದು ನಾವು ಬ್ಯಾಂಕಿನವರು ಹಳ್ಳಿ ಹಳ್ಳಿಗೆ ಹೋಗಿ ಫಾರಂ ತುಂಬಿಸಿದ್ದೇ. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರಿಂದ 20. ಮೇ ಕೊನೆಗೆ ಎಸ್‌ಎಂಎಸ್ ಬರುತ್ತಲ್ಲ, ಖಾತೆಯಿಂದ 20 ರೂಪಾಯಿ ಹೋಗಿದೆ ಅಂತ, ಅದೇ. ಎಷ್ಟು ಜನಕ್ಕೆ ನಾನೇ ಹೇಳಿದ್ದೇನೆ, "ಇಪ್ಪತ್ತು ರೂಪಾಯಿಗೆ ಎರಡು ಲಕ್ಷ ಕಣಮ್ಮ, ಒಂದು ಟೀಗಿಂತ ಸ್ವಲ್ಪ ಜಾಸ್ತಿ, ಸೈನ್ ಹಾಕಿ" ಅಂತ. ಅತ್ತಿಗೆಯ ಫಾರಂ ಕೂಡ ನಾನೇ ತುಂಬಿದ್ದು.

ಒಂದು ರಾತ್ರಿ ಆ ವಿಮೆಯ ನಿಯಮವನ್ನ ಮೊದಲ ಸಲ ಗಿರಾಕಿಯ ಕಣ್ಣಿಂದ ಓದಿದೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಎರಡೂ ಕಣ್ಣು, ಇಲ್ಲವೇ ಎರಡೂ ಕೈ, ಇಲ್ಲವೇ ಎರಡೂ ಕಾಲು ಹೋದರೆ 2 ಲಕ್ಷ. ಒಂದು ಕಣ್ಣೋ ಒಂದು ಕೈಯೋ ಒಂದು ಪಾದವೋ ಮತ್ತೆ ಬರದ ಹಾಗೆ ಹೋದರೆ 1 ಲಕ್ಷ. ಮುಗಿಯಿತು. ಮುರಿದು ಕೂಡಿಕೊಳ್ಳುವ ಮೂಳೆಗೆ ಅಲ್ಲಿ ಒಂದು ಸಾಲೂ ಇಲ್ಲ. ಅಂದರೆ ಅತ್ತಿಗೆಯ ಮುಂಗೈಗೆ ಸೊನ್ನೆ. ಆಸ್ಪತ್ರೆ ಖರ್ಚಿಗೆ ಸೊನ್ನೆ. ಮನೆಯಲ್ಲಿ ಕೂತ ಆರು ವಾರಕ್ಕೆ ಸೊನ್ನೆ. 20 ರೂಪಾಯಿಗೆ ಇನ್ನೇನು ಕೊಡ್ತಾರೆ ಅಂತ ನೀವು ಕೇಳಬಹುದು, ನ್ಯಾಯವಾದ ಮಾತು. ಬೈಯುತ್ತಿಲ್ಲ ನಾನು. ಆದರೆ ಇದನ್ನೇ ತೋರಿಸಿ "ಆಶಾಗಳಿಗೆ ವಿಮೆ ಇದೆಯಲ್ಲ" ಅಂತ ಮಾತು ಮುಗಿಸ್ತಾರಲ್ಲ, ಅದು ಸರಿಯಲ್ಲ.

2024ರ ಮಧ್ಯಂತರ ಬಜೆಟ್‌ನಲ್ಲಿ ಆಶಾ, ಅಂಗನವಾಡಿಯವರನ್ನೆಲ್ಲ ಆಯುಷ್ಮಾನ್ ಭಾರತ್‌ಗೆ ಸೇರಿಸ್ತೇವೆ ಅಂದರು. ಅದು ಒಳ್ಳೆಯದೇ. ಒಳರೋಗಿಯಾಗಿ ಸೇರಿದರೆ ವರ್ಷಕ್ಕೆ ಮನೆಗೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಪ್ಲಾಸ್ಟರ್ ಹಾಕಿ ಅವತ್ತೇ ಮನೆಗೆ ಕಳಿಸಿದವರಿಗೆ ಅದರಿಂದ ಏನು? ಅತ್ತಿಗೆಗೆ ಬೇಕಾಗಿದ್ದದ್ದು ಆಪರೇಷನ್ನಿನ ದುಡ್ಡಲ್ಲ, ಆರು ವಾರದ ದುಡಿಮೆ.

ಇಲ್ಲಿ ಇನ್ನೊಂದು ಪೆಟ್ಟಿದೆ, ಹೊರಗಿನವರಿಗೆ ಕಾಣಲ್ಲ. ತಿಂಗಳ 5,000 ಬಂತು. ಆದರೆ ಆಶಾಗಳ ಸಂಪಾದನೆಯ ಮುಖ್ಯ ಭಾಗ ಬಿಡಿಬಿಡಿ ಕೆಲಸದ್ದು. ಗರ್ಭಿಣಿಯನ್ನ ತಪಾಸಣೆಗೆ ಕರಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿದರೆ 600. ಬಾಣಂತಿ ಭೇಟಿಗೆ 250. ಮಗುವಿಗೆ ಒಂದು ವರ್ಷದೊಳಗಿನ ಲಸಿಕೆ ಪೂರ್ತಿ ಹಾಕಿಸಿದರೆ 100. ಹೀಗೆ ಹನಿ ಹನಿ ಕೂಡಿಸುವುದು. ಕೈ ಮುರಿದು ಮನೆಯಲ್ಲಿ ಕೂತರೆ ಈ ಹನಿಗಳು ನಿಲ್ಲುತ್ತವೆ. ತೋಟದ ಮನೆಯ ಆ ಮಗುವಿನ ಲೆಕ್ಕವನ್ನೇ ನೋಡಿ. 3ನೇ ದಿನ ಹೋಗಿದ್ದರು, 7ನೇ ದಿನ ಹೋಗಿದ್ದರು. 14ರಂದು ದಾರಿಯಲ್ಲಿ ಬಿದ್ದರು. ಉಳಿದದ್ದನ್ನ ಪಕ್ಕದ ಊರಿನ ಆಶಾ ಮಾಡಿದರು. 250 ಅವರಿಗೆ ಹೋಯಿತು, ಹೋಗಬೇಕಾದ್ದೇ, ಪಾಪ ಅವರು ಮಳೆಯಲ್ಲಿ ನಾಲ್ಕು ಸಲ ನಡೆದಿದ್ದಾರೆ. ಅತ್ತಿಗೆಯ ಎರಡು ಭೇಟಿ ಮತ್ತು ಒಂದು ಮೂಳೆ ಯಾವ ಪೋರ್ಟಲ್‌ನಲ್ಲೂ ಇಲ್ಲ.

ನನಗೆ ತುಂಬಾ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಒಬ್ಬಳೇ ಹೆಂಗಸು, ಅದೇ ಕೈ. ದಿನ ಬದಲಾದ ಹಾಗೆ ಕೈಯ ಬೆಲೆ ಬದಲಾಗುತ್ತೆ.

ಚುನಾವಣೆ ಡ್ಯೂಟಿ ಬಂತು ಅಂತಿಟ್ಟುಕೊಳ್ಳಿ. ಆಗ ಚುನಾವಣಾ ಆಯೋಗದ ನಿಯಮ ಇದೆ. ಡ್ಯೂಟಿಯಲ್ಲಿ ಸತ್ತರೆ ಕನಿಷ್ಠ 15 ಲಕ್ಷ, ದಾಳಿ ಗಲಾಟೆಯಲ್ಲಿ ಸತ್ತರೆ 30 ಲಕ್ಷ, ಕೈಕಾಲು ಕಣ್ಣು ಹೋದರೆ 7.5 ಲಕ್ಷ. ಅದಕ್ಕಿಂತ ಚೆನ್ನಾಗಿರುವುದು ಏನು ಗೊತ್ತಾ, ಮನೆಯಿಂದ ಹೊರಟ ಗಳಿಗೆಯಿಂದ ವಾಪಸ್ ಮನೆ ಮುಟ್ಟುವವರೆಗೆ ಡ್ಯೂಟಿಯೇ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ತರಬೇತಿಗೆ ಹೋಗುವುದೂ ಸೇರಿ. ಮುರಿದು ಕೂಡಿದ ಮೂಳೆಗೆ ಅಲ್ಲೂ ದುಡ್ಡಿಲ್ಲ, ಆದರೂ ದಾರಿ ಡ್ಯೂಟಿಯ ಭಾಗ ಅಂತ ಒಪ್ಪಿದ್ದಾರಲ್ಲ, ಅದು ಸಣ್ಣದಲ್ಲ.

ಕೊರೊನಾ ಬಂತು. 2020ರ ಮಾರ್ಚ್ 30ರಿಂದ ಆರೋಗ್ಯ ಕಾರ್ಯಕರ್ತರಿಗೆ 50 ಲಕ್ಷದ ವಿಮೆ. ಆಶಾಗಳೂ ಅದರಲ್ಲಿ ಇದ್ದರು, ಆಗ ಯಾರೂ ನೀವು ಸ್ವಯಂಸೇವಕಿಯರು ಅನ್ನಲಿಲ್ಲ. ಆದರೆ ಅದು ಸತ್ತರೆ ಮಾತ್ರ. ಸೋಂಕು ತಗುಲಿ ತಿಂಗಳುಗಟ್ಟಲೆ ಏದುಸಿರು ಬಿಟ್ಟುಕೊಂಡು ಬದುಕಿದವರಿಗೆ ಅದರಲ್ಲಿ ಏನೂ ಇರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಸರ್ವೆಗೆ ಹೋದವರ ಮೇಲೆ ಅಲ್ಲಲ್ಲಿ ಹಲ್ಲೆ ಆದಾಗ ಕೇಂದ್ರ ಸುಗ್ರೀವಾಜ್ಞೆ ತಂದಿತು. ಅದರಲ್ಲಿ ಆರೋಗ್ಯ ಸೇವಾ ಸಿಬ್ಬಂದಿ ಅಂದರೆ ಯಾರು ಅಂತ ಹೇಳುವಾಗ ಡಾಕ್ಟರ್, ನರ್ಸ್ ಜೊತೆಗೆ ಸಮುದಾಯ ಆರೋಗ್ಯ ಕಾರ್ಯಕರ್ತರ ಹೆಸರೂ ಇತ್ತು. ಹೊಡೆದವನಿಗೆ ಜೈಲು, ಅವನೇ ಪರಿಹಾರ ಕೊಡಬೇಕು. ಬೇರೆಯವರು ಹೊಡೆದರೆ ಸಿಬ್ಬಂದಿ. ತಾವೇ ಜಾರಿ ಬಿದ್ದರೆ ಸ್ವಯಂಸೇವಕಿ.

2021ರ ಆಗಸ್ಟ್‌ನಲ್ಲಿ ಇ-ಶ್ರಮ್ ಪೋರ್ಟಲ್ ಬಂದಾಗ ಅಲ್ಲಿ ಆಶಾಗಳು ಅಸಂಘಟಿತ ಕಾರ್ಮಿಕರಾಗಿ ನೋಂದಾಯಿಸಿಕೊಳ್ಳಬಹುದಿತ್ತು. ಸರಿ, ಆ ಪೋರ್ಟಲ್‌ನಲ್ಲಿ ಕಾರ್ಮಿಕಳು!

ಕೋರ್ಟ್‌ಗಳು ಏನು ಹೇಳಿವೆ ಅಂತಲೂ ಸ್ವಲ್ಪ ನೋಡಿದೆ. ವಕೀಲನಲ್ಲ ನಾನು, ತಿಳಿದಷ್ಟು ಹೇಳ್ತೇನೆ. ಮೊದಲ ದೊಡ್ಡ ಪೆಟ್ಟು ಬಿದ್ದದ್ದು ನಮ್ಮ ರಾಜ್ಯದ ಕೇಸಿನಲ್ಲೇ. ಅಂಗನವಾಡಿ ಕಾರ್ಯಕರ್ತೆಯರು ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಗಿದ್ದರು. ಅಲ್ಲಿಗೆ ಹೋಗೋಕೆ ಸರ್ಕಾರಿ ಹುದ್ದೆಯಲ್ಲಿರಬೇಕು. 2006ರಲ್ಲಿ ಸುಪ್ರೀಂ ಕೋರ್ಟ್ ಅಮೀರ್‌ಬಿ ಪ್ರಕರಣದಲ್ಲಿ ಇವರದ್ದು ಸರ್ಕಾರಿ ಹುದ್ದೆಯಲ್ಲ ಅಂದಿತು. ಅದಾದ ಮೇಲೆ ಯಾವ ಬಾಗಿಲು ತಟ್ಟಿದರೂ ಆ ತೀರ್ಪನ್ನ ಎದುರಿಗೆ ಹಿಡಿಯೋದು ರೂಢಿಯಾಯಿತು.

16 ವರ್ಷ ಆದ ಮೇಲೆ ಇನ್ನೊಂದು ತೀರ್ಪು ಬಂತು. 2022ರ ಏಪ್ರಿಲ್ 25. ಗುಜರಾತಿನ ದಾಹೋದ್ ಕಡೆಯ ಅಂಗನವಾಡಿಯವರ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿನ ಕೇಸು. ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ. ಓಕಾ ಅವರು ಅದಕ್ಕೂ ಮುಂಚೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು, ನೆನಪಿರಬಹುದು. ಅವರು ಹೇಳಿದ್ದು ಇಷ್ಟು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅಂಗನವಾಡಿ ಕೇಂದ್ರಗಳು ಕಾನೂನು ಹೊರಿಸಿದ ಕೆಲಸ ಮಾಡುತ್ತಿವೆ, ಕೊಡುವ ದುಡ್ಡಿಗೆ ಗೌರವಧನ ಅಂತ ಹೆಸರಿಟ್ಟರೂ ಗ್ರಾಚ್ಯುಟಿ ಕಾಯ್ದೆಯ ಮಟ್ಟಿಗೆ ಅದು ವೇತನವೇ, ಹಾಗಾಗಿ ಗ್ರಾಚ್ಯುಟಿ ಕೊಡಬೇಕು. ಇದನ್ನ ಓದಿದಾಗ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿದೆ, ಸುಳ್ಳಲ್ಲ. ಯಾಕಂದ್ರೆ ಗೋಡೆಯಲ್ಲಿ ಒಂದು ಇಟ್ಟಿಗೆ ಅಲ್ಲಾಡಿತು. ಅದು ಅಂಗನವಾಡಿಗೆ, ಅದೂ ಗ್ರಾಚ್ಯುಟಿಗೆ ಮಾತ್ರ, ಆಶಾಗಳ ಮುರಿದ ಕೈಗೆ ಅದು ತಾನಾಗೇ ಬರಲ್ಲ. ಆದರೂ ಕೆಲಸ ಬಿಟ್ಟು ಹೋಗುವ ದಿನ ಗೌರವಧನ ವೇತನ ಆಗಬಹುದಾದರೆ, ಕೆಲಸ ಮಾಡ್ತಾ ಬಿದ್ದ ದಿನ ಯಾಕೆ ಆಗಬಾರದು? 2013ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ, ಅಂದರೆ ಸರ್ಕಾರ, ಮಾಲೀಕರು, ಯೂನಿಯನ್‌ಗಳು ಮೂವರೂ ಕೂತ ಸಭೆ, ಇಂಥ ಯೋಜನೆಗಳಲ್ಲಿ ದುಡಿಯುವವರನ್ನ ಕಾರ್ಮಿಕರು ಅಂತ ಒಪ್ಪಿಕೊಳ್ಳಿ ಅಂತ ಶಿಫಾರಸು ಮಾಡಿತ್ತು. ಅದು ಶಿಫಾರಸಾಗೇ ಉಳಿಯಿತು.

ಇಷ್ಟು ಹೊತ್ತಿಗೆ ನನ್ನ ಚಿಕ್ಕಪ್ಪನ ಮಗನ ಜೊತೆ ಒಂದು ಭಾನುವಾರ ಮಾತಾಡ್ತಿದ್ದೆ. ಅವನು ಅಮೆರಿಕದಲ್ಲಿ ಇದ್ದಾನೆ, ಗ್ರೀನ್ ಕಾರ್ಡ್ ಬಂದಿದೆ. ರಜೆಯಲ್ಲಿ ಅಲ್ಲಿನ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಸ್ವಯಂಸೇವೆ ಮಾಡ್ತಾನೆ, ಕಾಲುದಾರಿ ಸವರೋದು, ಬಿದ್ದ ಮರ ಎಳೆಯೋದು. ಅಲ್ಲಿ ಅವನಿಗೆ ಒಂದು ಪೈಸೆಯೂ ಇಲ್ಲ, ನಿಜವಾದ ಸ್ವಯಂಸೇವೆ. ಹೊಟ್ಟೆ ತುಂಬಿದವನ ಹವ್ಯಾಸ ಅಂತ ನಾನು ರೇಗಿಸ್ತೇನೆ. ಅತ್ತಿಗೆ ವಿಷಯ ಹೇಳಿದ್ದಕ್ಕೆ ಅವನು, "ಅಣ್ಣ, ಇಲ್ಲಿ ನಾನು ಬಿದ್ರೆ ಫೆಡರಲ್ ನೌಕರನ ಲೆಕ್ಕ" ಅಂದ. ನಾನು ನಂಬಲಿಲ್ಲ. ಆಮೇಲೆ ಓದಿದೆ, ನಿಜ.

ಅಲ್ಲಿ ಫೆಡರಲ್ ನೌಕರರ ಗಾಯದ ಪರಿಹಾರಕ್ಕೆ 1916ರಿಂದ ಒಂದು ಕಾಯ್ದೆ ಇದೆ. ಅದರಲ್ಲಿ ನೌಕರ ಅಂದರೆ ಯಾರು ಅನ್ನುವಲ್ಲಿಯೇ ಒಂದು ಸಾಲು ಸೇರಿಸಿದ್ದಾರೆ. ಸರ್ಕಾರಿ ನೌಕರ ಮಾಡುವಂಥದ್ದೇ ಕೆಲಸವನ್ನ ಸಂಬಳ ಇಲ್ಲದೆಯೋ ಹೆಸರಿಗಷ್ಟು ದುಡ್ಡಿಗೋ ಮಾಡುವವನೂ, ಅವನ ಸೇವೆ ಪಡೆಯೋಕೆ ಕಾನೂನಿನ ಒಪ್ಪಿಗೆ ಇದ್ದರೆ, ಈ ಕಾಯ್ದೆಯ ಮಟ್ಟಿಗೆ ನೌಕರನೇ. ಉದ್ಯಾನದ ಸ್ವಯಂಸೇವಕರಿಗೆ, ಸರ್ಕಾರಿ ಕಚೇರಿಯಲ್ಲಿ ಸಂಬಳ ಇಲ್ಲದೆ ಕಲಿಯುವ ವಿದ್ಯಾರ್ಥಿಗಳಿಗೆ ಬೇರೆ ಬೇರೆ ಕಾನೂನಿನಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾರೆ. ಉಳಿದೆಲ್ಲ ವಿಷಯದಲ್ಲಿ ನೀನು ನೌಕರನಲ್ಲ, ಪಿಂಚಣಿ ಇಲ್ಲ, ರಜೆ ಇಲ್ಲ, ಆದರೆ ಪೆಟ್ಟಾದರೆ ನೌಕರ. ಚಿಕಿತ್ಸೆ ಅವರದ್ದು. ನೌಕರರಿಗಾದರೆ ದುಡಿಯೋಕೆ ಆಗದಿದ್ದರೆ ಸಂಬಳದ ಮೂರನೇ ಎರಡು ಭಾಗ, ಅವಲಂಬಿತರಿದ್ದರೆ ಮುಕ್ಕಾಲು ಭಾಗ. ಸಂಬಳವೇ ಇಲ್ಲದವನಿಗೆ ಮುಕ್ಕಾಲು ಅಂದರೆ ಎಷ್ಟು ಅಂತ ನಾನೂ ಕೇಳಿದೆ. ಅದಕ್ಕೂ ಉಪಾಯ ಇದೆ. ಪೀಸ್ ಕೋರ್ ಅಂತ ಬೇರೆ ದೇಶಗಳಿಗೆ ಹೋಗಿ ಸೇವೆ ಮಾಡುವವರಿಗೆ, ಜಿಎಸ್-7 ದರ್ಜೆಯ ನೌಕರನ ಸಂಬಳ ಬರ್ತಿತ್ತು ಅಂತ ಭಾವಿಸಿ ಲೆಕ್ಕ ಹಾಕ್ತಾರೆ. ಕಾಗದದ ಮೇಲಿನ ಸಂಬಳ. ಕಾಗದದ ಮೇಲೆ ಸಂಬಳ ಇಲ್ಲ ಅಂತ ಬರೆಯೋಕೆ ಬರುತ್ತೆ ಅಂದಮೇಲೆ ಇದೆ ಅಂತ ಬರೆಯೋಕೂ ಬರುತ್ತೆ!

ಅಮೆರಿಕ ಸ್ವರ್ಗ ಅಂತ ಹೇಳ್ತಿಲ್ಲ. ಅಲ್ಲೂ ಕಾಗದವೇ ದೇವರು. ಕೆಲಸ ಶುರು ಮಾಡೋಕೆ ಮುಂಚೆ ಸ್ವಯಂಸೇವಾ ಒಪ್ಪಂದಕ್ಕೆ ಸಹಿ ಹಾಕಿರಬೇಕು, ಅದರಲ್ಲಿ ಏನು ಕೆಲಸ ಅಂತ ಬರೆದಿರಬೇಕು. ಪೆಟ್ಟಾದರೆ ಸಿಎ-1 ಅಂತ ಒಂದು ಫಾರಂ, ಅದರಲ್ಲಿ ಎಲ್ಲಿ ಬಿದ್ದೆ, ಆಗ ಏನು ಮಾಡ್ತಿದ್ದೆ, ನೋಡಿದವರು ಯಾರು ಅಂತ ಬರೆಯಬೇಕು. ನಮ್ಮ ಹುಡುಗನಿಗೆ ಮೊದಲ ದಿನವೇ ಇದನ್ನ ಹೇಳಿಕೊಟ್ಟಿದ್ದರಂತೆ. ಅತ್ತಿಗೆಗೆ ಕೆಲಸಕ್ಕೆ ಸೇರಿದಾಗ ಏನೇನೋ ತರಬೇತಿ ಕೊಟ್ಟರು, ಮಗುವನ್ನ ಜೋಳಿಗೆಯಲ್ಲಿ ಹಾಕಿ ತೂಗೋದರಿಂದ ಹಿಡಿದು ಕೈ ತೊಳೆಯೋವರೆಗೆ. ಬಿದ್ದರೆ ಏನು ಬರೆಸಬೇಕು ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಸುಮ್ನೆ ಕೂರಲಿಲ್ಲ. ಬ್ಯಾಂಕಿನ ಬುದ್ಧಿ. ಅತ್ತಿಗೆ ಹತ್ತಿರ ಒಂದು ಅರ್ಜಿ ಬರೆಸಿದೆ, ಇಂಥ ದಿನ ಇಂಥ ಬಾಣಂತಿ ಭೇಟಿಗೆ ಹೋಗುವಾಗ ಹೀಗಾಯಿತು ಅಂತ. ಎಡಗೈಯಲ್ಲಿ ಸಹಿ ಹಾಕಿದರು, ಅದು ಎಂಟು ವರ್ಷದ ಹುಡುಗಿಯ ಸಹಿ ತರ ಕಾಣ್ತಿತ್ತು. ಆರೋಗ್ಯ ಇಲಾಖೆ ಕಚೇರಿಯಲ್ಲಿ ಅರ್ಜಿ ತಗೊಂಡರು. ಸ್ವೀಕೃತಿ ಸೀಲು ಕೇಳಿದ್ದಕ್ಕೆ ಸ್ವಲ್ಪ ಮುಖ ಗಂಟಿಕ್ಕಿದರು, ಹಾಕಿದರು. ಕೆಲವು ವಾರ ಆದ ಮೇಲೆ ಬಾಯಿಮಾತಲ್ಲಿ ಉತ್ತರ ಬಂತು, ಇದಕ್ಕೆ ಅವಕಾಶ ಇಲ್ಲ, ಒಪಿಡಿ ಚೀಟಿಯಲ್ಲಿ ಮನೆ ಹತ್ತಿರ ಅಂತ ಇದೆ. ಅವರ ತಪ್ಪು ಅಂತ ನಾನು ಹೇಳಲ್ಲ. ಅವರ ಕೈಯಲ್ಲಿ ಅಂಥ ನಿಯಮವೇ ಇಲ್ಲದಿದ್ದರೆ ಅವರಾದರೂ ಏನು ಮಾಡ್ತಾರೆ. ಆ ಅರ್ಜಿಯ ನಮೂನೆಯನ್ನ ನಾನು ಬೇರೆ ಯಾವುದೋ ಫಾರಂ ನೋಡಿಕೊಂಡು ಮಾಡಿದ್ದೆ. ಅದರಲ್ಲಿ ಒಂದು ಸಾಲು ಇತ್ತು, ಉದ್ಯೋಗದಾತರ ಹೆಸರು. ಅತ್ತಿಗೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ನೋಡಿ, "ಇಲ್ಲಿ ಏನ್ ಬರೀಲಿ?" ಅಂದರು. ನನಗೂ ತಿಳಿಯಲಿಲ್ಲ. ಖಾಲಿ ಬಿಟ್ಟೆವು.

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆಶಾಗಳು ಚಳಿಯಲ್ಲಿ ರಾತ್ರಿಯೆಲ್ಲ ಮಲಗಿದ್ದು ಟಿವಿಯಲ್ಲಿ ನೋಡಿರ್ತೀರಿ. ಗೌರವಧನ, ಪ್ರೋತ್ಸಾಹಧನ ಎಲ್ಲ ಸೇರಿ ತಿಂಗಳಿಗೆ 10,000 ಸಿಗೋ ಹಾಗೆ ಮಾಡ್ತೇವೆ ಅಂತ ಮುಖ್ಯಮಂತ್ರಿಗಳು ಹೇಳಿದ ಮೇಲೆ ಎದ್ದು ಬಂದರು. ಟಿವಿಯ ಚರ್ಚೆಯಲ್ಲೆಲ್ಲ ತಿಂಗಳ ದುಡ್ಡಿನದ್ದೇ ಮಾತು, ಅದು ಬೇಕು, ಬೇಡ ಅನ್ನಲ್ಲ. ಆದರೆ ನನ್ನ ಕೇಳಿದರೆ ಮೊದಲ ಬೇಡಿಕೆ ಬೇರೆ. ದುಡ್ಡು ಜಾಸ್ತಿ ಮಾಡೋಕೆ ಮುಂಚೆ ಒಂದು ಸಾಲು ಬರೆದುಕೊಡಿ, ಕೆಲಸದಲ್ಲಿ ಪೆಟ್ಟಾದರೆ ಇವರು ನೌಕರರು ಅಂತ. ಖಾಯಂ ಮಾಡಿ ಅಂತ ಕೂಡ ಅಲ್ಲ, ಆ ಜಗಳ ಬೇರೆ ಇರಲಿ. ಬರೀ ಪೆಟ್ಟಾದ ದಿನದ ಮಟ್ಟಿಗೆ.

ಅದು ಬರುವವರೆಗೆ ಮಾಡಬಹುದಾದ್ದು ಸಣ್ಣದು. ಬಿದ್ದರೆ, ನಾಯಿ ಕಚ್ಚಿದರೆ, ಗಾಡಿ ತಾಗಿದರೆ ಮೊದಲು ಆಸ್ಪತ್ರೆ ಚೀಟಿಯಲ್ಲಿ ನಿಜವನ್ನೇ ಬರೆಸಿ, ಸರ್ವೆಗೆ ಹೋಗುವಾಗ, ಲಸಿಕೆಗೆ ಹೋಗುವಾಗ ಅಂತ. ಅದೇ ದಿನ ಸಿಸ್ಟರ್‌ಗೋ ಮೆಡಿಕಲ್ ಆಫೀಸರ್‌ಗೋ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಹಾಕಿ, ಫೋಟೋ ಹಾಕಿ. ಡೈರಿಯಲ್ಲಿ ಅವತ್ತಿನ ಭೇಟಿ ಬರೆದಿಡಿ. ಗಾಡಿ ಅಪಘಾತ ಆದರೆ ಪೊಲೀಸ್ ದೂರು ಬಿಡಬೇಡಿ, ಗಾಡಿಯ ವಿಮೆಯಿಂದ ಬರುವ ಪರಿಹಾರಕ್ಕೆ ನೀವು ಸ್ವಯಂಸೇವಕಿಯೋ ನೌಕರಳೋ ಯಾರೂ ಕೇಳಲ್ಲ. ಸುರಕ್ಷಾ ಬಿಮಾ ಕ್ಲೇಮ್ ಇದ್ದರೆ 30 ದಿನದೊಳಗೆ ಬ್ಯಾಂಕಿಗೆ ಬನ್ನಿ. ಖಾತೆಯಲ್ಲಿ ಆ 20 ರೂಪಾಯಿ ನಿಜವಾಗಲೂ ಕಟ್ ಆಗಿದೆಯಾ ಅಂತ ಪ್ರತಿ ಜೂನ್‌ನಲ್ಲಿ ನೋಡಿಕೊಳ್ಳಿ. ದುಡ್ಡಿಲ್ಲದ ಖಾತೆಯಿಂದ ಅದು ಹೋಗಿರಲ್ಲ, ವಿಮೆಯೂ ಇರಲ್ಲ. ಇದನ್ನ ನಾನು ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಅತ್ತಿಗೆ ಕೈ ಕೂಡಿಕೊಂಡಿದೆ. ಮಳೆ ಬಂದರೆ ಸ್ವಲ್ಪ ಸೆಳೆಯುತ್ತಂತೆ, ರೊಟ್ಟಿ ತಟ್ಟೋಕೆ ಕಷ್ಟ ಅಂತ ಮುದ್ದೆಗೇ ನಿಂತಿದ್ದಾರೆ. ಪ್ಲಾಸ್ಟರ್ ತೆಗೆದ ಮರುವಾರವೇ ಚೀಲ ಹಾಕಿಕೊಂಡು ಹೊರಟರು. ಮೊನ್ನೆ ನಾನು ಊರಲ್ಲಿದ್ದಾಗ ಪಕ್ಕದ ಊರಿನ ಆಶಾ ಫೋನ್ ಮಾಡಿದ್ದರು, ಅದೇ 250ರವರು. ಸರ್ವೆಗೆ ಹೋದ ಮನೆಯ ನಾಯಿ ಮೀನಖಂಡಕ್ಕೆ ಬಾಯಿ ಹಾಕಿದೆ. ಅತ್ತಿಗೆ ಒಲೆ ಮುಂದಿಂದ ಎದ್ದು ಫೋನ್ ಹಿಡಿದರು. "ಸೋಪಾಕಿ ತೊಳೆದ್ಯಾ? ಚೆನ್ನಾಗಿ ತೊಳಿ, ಕಾಲು ಗಂಟೆ ನೀರು ಬಿಡು. ಈಗ್ಲೇ ಹೋಗಿ ಇಂಜೆಕ್ಷನ್ ಹಾಕಿಸ್ಕೋ" ಅಂದರು. ಆಮೇಲೆ ನನ್ನ ಕಡೆ ಒಂದು ಸಲ ನೋಡಿ, ಫೋನಿಗೆ ಹೇಳಿದರು, "ಕೇಳು ಇಲ್ಲಿ, ಚೀಟಿ ಬರೆಯೋನು ಕೇಳ್ತಾನೆ ಎಲ್ಲಿ ಕಚ್ತು ಅಂತ. ಮನೆ ಹತ್ರ ಅನ್ಬೇಡ."